ಟ್ರಯಲ್ಸ್ ಸೈಕಲ್ ಸವಾರಿಯಲ್ಲಿ ಮುಂಗಾಲು

ಟ್ರಯಲ್ಸ್ ಸೈಕಲ್ ಸವಾರಿಯಲ್ಲಿ ಮುಂಗಾಲು ಎಂದರೆ, ಸವಾರನು ಪೆಡಲ್‌ಗಳ ಮೇಲೆ ಎದ್ದು ನಿಂತು ಸಮತೋಲ ಕಾಯ್ದುಕೊಳ್ಳುವಾಗ ಮತ್ತು ಹಾರುವಾಗ ಸಹಜವಾಗಿ ಮುಂದಕ್ಕೆ ಇರಿಸಿಕೊಳ್ಳುವ ಕಾಲು. ಪ್ರಾಣಿಗಳ ಮುಂದಿನ ಕಾಲಿಗೂ ಕನ್ನಡದಲ್ಲಿ ಇದೇ ಪದವಿದೆ. ಈ ಲೇಖನದಲ್ಲಿ ಅದನ್ನು ಸವಾರನ ಮುಂದಿರುವ ಕಾಲು ಎಂಬ ಅರ್ಥದಲ್ಲಿ ಮಾತ್ರ ಬಳಸಲಾಗಿದೆ. ಬೆಟ್ಟದ ಸೈಕಲ್ ಸವಾರರ ಆಡುಮಾತಿನಲ್ಲಿ ಇದಕ್ಕೆ 'ಚಾಕೊಲೇಟ್ ಫೂಟ್' ಎಂಬ ಹೆಸರಿದೆ. ಕೆಲವರಿಗೆ ಬಲಗಾಲು, ಕೆಲವರಿಗೆ ಎಡಗಾಲು ಮುಂಗಾಲಾಗಿರುತ್ತದೆ. ಒಮ್ಮೆ ರೂಢಿಯಾದ ಮೇಲೆ ಬದಲಿಸುವುದು ಬಹಳ ಕಷ್ಟ. ಆದ್ದರಿಂದ ಕಲಿಕೆಯ ಆರಂಭದಲ್ಲಿಯೇ ಇದನ್ನು ಸರಿಯಾಗಿ ಗುರುತಿಸಿಕೊಳ್ಳುವುದು ಅಗತ್ಯ.

ಕ್ರೀಡೆಯ ಹಿನ್ನೆಲೆ

ಬಂಡೆ, ಮರದ ದಿಮ್ಮಿ, ಕಟ್ಟೆ ಮೊದಲಾದ ಅಡೆತಡೆಗಳ ಮೇಲೆ ಕಾಲನ್ನು ನೆಲಕ್ಕೆ ತಾಗಿಸದೆ ಸೈಕಲನ್ನು ದಾಟಿಸುವ ಕ್ರೀಡೆಯೇ ಟ್ರಯಲ್ಸ್. ಇದು ಇದೇ ಹೆಸರಿನ ಮೋಟಾರ್‌ಸೈಕಲ್ ಕ್ರೀಡೆಯಿಂದ ಹುಟ್ಟಿತು. ಸ್ಪೇನ್ ದೇಶದ ಕ್ಯಾಟಲೋನಿಯಾದಲ್ಲಿ ಮೊಂಟೆಸಾ ಮೋಟಾರ್‌ಸೈಕಲ್ ಸಂಸ್ಥೆಯ ಸವಾರರಾಗಿದ್ದ ಪೆರೆ ಪಿ ಅವರು ತಮ್ಮ ಮಗ ಓಟ್ ಪಿಗಾಗಿ ಸೈಕಲನ್ನು ಈ ರೀತಿಯ ಆಟಕ್ಕೆ ಒಗ್ಗಿಸಿದುದು ಇದರ ಇತಿಹಾಸದ ಮುಖ್ಯ ಘಟ್ಟ. ಓಟ್ ಪಿ ಮುಂದೆ ಹಲವು ಬಾರಿ ವಿಶ್ವ ಚಾಂಪಿಯನ್ ಆದರು. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು 1986ರಿಂದ ವಿಶ್ವ ಚಾಂಪಿಯನ್‌ಷಿಪ್ ನಡೆಸುತ್ತಿದೆ. ಸ್ಕಾಟ್ಲೆಂಡಿನ ಡ್ಯಾನಿ ಮೆಕ್‌ಆಸ್ಕಿಲ್ ಅವರ 2009ರ ವಿಡಿಯೊ ಅಂತರ್ಜಾಲದಲ್ಲಿ ಹರಡಿದ ಮೇಲೆ, ಸ್ಪರ್ಧೆಗಳನ್ನು ಎಂದೂ ನೋಡದವರಿಗೂ ಈ ಆಟದ ಪರಿಚಯವಾಯಿತು.

ಸ್ಪರ್ಧೆಯಲ್ಲಿ 20 ಇಂಚು ಮತ್ತು 26 ಇಂಚು ಚಕ್ರದ ಪ್ರತ್ಯೇಕ ವಿಭಾಗಗಳಿವೆ. ಒಂದು ಹಂತವನ್ನು ದಾಟಲು ಎರಡು ನಿಮಿಷಗಳ ಕಾಲಾವಕಾಶ. ಹಳೆಯ ಪದ್ಧತಿಯಲ್ಲಿ ಕಾಲು ನೆಲಕ್ಕೆ ತಾಗಿದಾಗಲೆಲ್ಲ ಒಂದು ದಂಡಾಂಕ ಬೀಳುತ್ತಿತ್ತು. ಐದು ಗರಿಷ್ಠ ಮಿತಿ. ಹೀಗೆ ಕಾಲೇ ಸೋಲುಗೆಲುವನ್ನು ನಿರ್ಧರಿಸುವ ಆಟದಲ್ಲಿ ಯಾವ ಕಾಲು ಮುಂದಿರಬೇಕು ಎಂಬ ಪ್ರಶ್ನೆ ಎದ್ದುದು ಸಹಜವೇ.

ಮುಂಗಾಲಿನ ಕೆಲಸ

ಟ್ರಯಲ್ಸ್ ಸೈಕಲಿಗೆ ಸಾಮಾನ್ಯವಾಗಿ ಸೀಟು ಇರುವುದಿಲ್ಲ. ಸವಾರನು ಕ್ರ್ಯಾಂಕ್‌ಗಳನ್ನು ನೆಲಕ್ಕೆ ಸಮಾನಾಂತರವಾಗಿಟ್ಟು ನಿಂತಿರುತ್ತಾನೆ. ಕ್ರ್ಯಾಂಕಿನ ಉದ್ದ 17 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಎರಡು ಪಾದಗಳ ನಡುವೆ ಹಿಂದುಮುಂದಾಗಿ 34 ಸೆಂಟಿಮೀಟರ್ ಅಂತರ ಬೀಳುತ್ತದೆ. ಸೊಂಟವೂ ಅದಕ್ಕೆ ತಕ್ಕಂತೆ ತುಸು ಓರೆಯಾಗುತ್ತದೆ: ಬಲಗಾಲು ಮುಂದಿದ್ದರೆ ಎಡಕ್ಕೆ, ಎಡಗಾಲು ಮುಂದಿದ್ದರೆ ಬಲಕ್ಕೆ. ಪಕ್ಕಕ್ಕೆ ಹಾರುವಾಗ ಬಹುತೇಕ ಸವಾರರಿಗೆ ಒಂದು ಬದಿ ಸುಲಭವೂ ಇನ್ನೊಂದು ಬದಿ ಕಠಿಣವೂ ಆಗಿರುವುದಕ್ಕೆ ಈ ಓರೆಯೂ ಒಂದು ಕಾರಣ.

ಎರಡು ಕಾಲುಗಳ ಕೆಲಸ ಒಂದೇ ಅಲ್ಲ. ಹಿಂಗಾಲು ಊರುಗೋಲಿನಂತೆ ಭಾರ ಹೊರುತ್ತದೆ, ಮುಂಗಾಲು ತುಳಿಯುತ್ತದೆ. ಹಿಂದಿನ ಚಕ್ರದ ಮೇಲೆ ನಿಂತು ಮುಂದಕ್ಕೆ ಜಿಗಿಯುವ ಚಲನೆಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಹಿಂದಿನ ಬ್ರೇಕ್ ಬಿಗಿದಿರುತ್ತದೆ. ಮುಂಗಾಲಿನ ಪೆಡಲ್ ಸಮತಲಕ್ಕಿಂತ ಕೊಂಚ ಮೇಲಿರುತ್ತದೆ. ಸವಾರನು ಬ್ರೇಕನ್ನು ಕ್ಷಣಮಾತ್ರ ಸಡಿಲಿಸಿ, ಮುಂಗಾಲಿನಿಂದ ಒಂದೇ ಒಂದು ತುಳಿತ ತುಳಿದು, ಮೈ ನೆಟ್ಟಗೆ ಮಾಡಿ ಜಿಗಿಯುತ್ತಾನೆ. ಚಕ್ರ ಮತ್ತೆ ನೆಲ ಮುಟ್ಟುವ ಹೊತ್ತಿಗೆ ಬ್ರೇಕ್ ಬಿಗಿದಾಗಿರಬೇಕು. ಅನಂತರ ಪೆಡಲನ್ನು ಹಿಮ್ಮುಖವಾಗಿ ತಿರುಗಿಸಿ ಮೊದಲಿನ ನೆಲೆಗೆ ತರುತ್ತಾನೆ. 26 ಇಂಚಿನ ಸೈಕಲಿನಲ್ಲಿ ಮುಂದೆ 18, ಹಿಂದೆ 15 ಹಲ್ಲುಗಳ ಚಕ್ರಗಳಿರುವುದು ವಾಡಿಕೆ. ಇದರಲ್ಲಿ ಕಾಲು ಸುತ್ತು ತುಳಿದರೆ ಚಕ್ರ ಉರುಳುವ ದೂರ ಸುಮಾರು 60 ಸೆಂಟಿಮೀಟರ್. ಸವಾರನ ಕೈಯಲ್ಲಿರುವ, ಅಲ್ಲ, ಕಾಲಲ್ಲಿರುವ ಬಂಡವಾಳ ಅಷ್ಟೇ.

ಇಷ್ಟು ಚಿಕ್ಕ ತುಳಿತ ವ್ಯರ್ಥವಾಗಬಾರದೆಂದು ಫ್ರೀವೀಲನ್ನು ವಿಶೇಷವಾಗಿ ರೂಪಿಸಿರುತ್ತಾರೆ. 72 ಹಿಡಿತದ ನೆಲೆಗಳಿರುವ ಫ್ರೀವೀಲ್ 5 ಡಿಗ್ರಿಯೊಳಗೆ ಕಚ್ಚಿಕೊಳ್ಳುತ್ತದೆ. 108 ಇದ್ದರೆ ಮೂರೂಕಾಲು ಡಿಗ್ರಿಗಿಂತ ತುಸು ಹೆಚ್ಚು ಸಾಕು. ಸಾಮಾನ್ಯ ಸೈಕಲಿನಲ್ಲಿ ಈ ನೆಲೆಗಳು ಇಪ್ಪತ್ತರ ಆಸುಪಾಸಿನಲ್ಲಿರುವುದರಿಂದ ಫ್ರೀವೀಲ್ ಸುಮಾರು 18 ಡಿಗ್ರಿಯವರೆಗೆ ಸುಮ್ಮನೆ ಜಾರಬಹುದು.

ನಮ್ಮ ಹಳ್ಳಿಗಳ ಹಿರಿಯರಿಗೆ ಈ ಚಲನೆ ಅಪರಿಚಿತವಲ್ಲ. ಸೀಟು ಎಟುಕದ ಮಕ್ಕಳು ದೊಡ್ಡವರ ಸೈಕಲಿನ ಚೌಕಟ್ಟಿನೊಳಗೆ ಬಲಗಾಲನ್ನು ತೂರಿಸಿ 'ಒಳಪೆಡಲ್' ಹೊಡೆಯುತ್ತಿದ್ದಾಗ ಪೂರ್ತಿ ಸುತ್ತು ತುಳಿಯಲು ಬರುತ್ತಿರಲಿಲ್ಲ. ಅರ್ಧ ತುಳಿದು, ಪೆಡಲನ್ನು ಹಿಂದಕ್ಕೆ ತಂದು, ಮತ್ತೆ ಅರ್ಧ ತುಳಿಯುತ್ತಿದ್ದರು. ಫ್ರೀವೀಲಿನ ಈ ಉಪಯೋಗವನ್ನು ಟ್ರಯಲ್ಸ್ ಸವಾರನು ಶಾಸ್ತ್ರೋಕ್ತವಾಗಿ ಮಾಡುತ್ತಾನೆ ಎನ್ನಬಹುದು.

ಎಡವೋ ಬಲವೋ

ಜನರಲ್ಲಿ ಹೆಚ್ಚಿನವರು ಚೆಂಡನ್ನು ಒದೆಯಲು ಬಲಗಾಲನ್ನೇ ಬಳಸುತ್ತಾರೆ. ಹಾಗೆಂದು ಅವರೆಲ್ಲರ ಮುಂಗಾಲೂ ಬಲಗಾಲೇ ಆಗಿರಬೇಕೆಂದಿಲ್ಲ. ಒದೆಯುವ ಕಾಲು ಬೇರೆ, ಆ ಹೊತ್ತಿನಲ್ಲಿ ಮೈಭಾರ ಹೊತ್ತು ನಿಲ್ಲುವ ಕಾಲು ಬೇರೆ. ಕ್ರಿಕೆಟ್ಟಿನಲ್ಲಿ ಬಲಗೈ ದಾಂಡಿಗನ ಮುಂದಿನ ಕಾಲು ಎಡಗಾಲು ಎಂಬುದನ್ನು ನೆನೆದರೆ ವಿಷಯ ತಿಳಿಯಾಗುತ್ತದೆ. ಅಲೆಸವಾರಿಯಲ್ಲಿ ಎಡಗಾಲು ಮುಂದಿಡುವವರನ್ನು 'ರೆಗ್ಯುಲರ್' ಎಂದೂ ಬಲಗಾಲು ಮುಂದಿಡುವವರನ್ನು 'ಗೂಫಿ' ಎಂದೂ ಕರೆಯುತ್ತಾರೆ. ಮೂಲ್ಕಿ, ಸಸಿಹಿತ್ಲು ಕಡಲತೀರಗಳಲ್ಲಿ ಅಲೆಸವಾರಿ ಕಲಿಯುವವರಿಗೂ ಮೊದಲ ಪಾಠಗಳಲ್ಲಿ ಎದುರಾಗುವ ವಿಂಗಡಣೆ ಇದು. ಆದರೆ ಹಲಗೆಯ ಮೇಲಿನ ಭಂಗಿಯೂ ಪೆಡಲ್ ಮೇಲಿನ ಭಂಗಿಯೂ ಒಬ್ಬನಲ್ಲೇ ಬೇರೆಬೇರೆ ಆಗಿರಬಹುದು. ಒಂದನ್ನು ನೋಡಿ ಇನ್ನೊಂದನ್ನು ನಿಶ್ಚಯಿಸಲಾಗದು.

ಸೈಕಲಿನ ರಚನೆಯೂ ಪೂರ್ತಿ ತಟಸ್ಥವಲ್ಲ. ಚೈನು ಬಲಬದಿಯಲ್ಲಿರುವುದರಿಂದ ಬಲಗಾಲಿನ ಬಲ ನೇರವಾಗಿ ಹಲ್ಲುಚಕ್ರಕ್ಕೆ ಹೋಗುತ್ತದೆ. ಎಡಗಾಲಿನ ಬಲ ನಡುವಿನ ಅಚ್ಚನ್ನು ತಿರುಚಿಕೊಂಡು ಬಲಬದಿಗೆ ದಾಟಬೇಕು. ಗಟ್ಟಿಯಾದ ಅಚ್ಚಿದ್ದರೆ ಈ ವ್ಯತ್ಯಾಸ ತೀರ ಸಣ್ಣದು, ಅದಕ್ಕಾಗಿ ಸಹಜವಾದ ಕಾಲನ್ನು ಬದಲಿಸುವುದು ಅವಿವೇಕ. ಬಲಬದಿಯ ಅಡೆತಡೆಗೆ ಹಲ್ಲುಚಕ್ರ ಬಡಿಯುವ ಅಪಾಯ ಹೆಚ್ಚು ವಾಸ್ತವವಾದುದು, ಅದಕ್ಕೆ ರಕ್ಷಾಕವಚವಿದೆ.

ಒಂದೆಡೆ ನಿಂತು ಸಮತೋಲ ಕಾಯುವ ಅಭ್ಯಾಸದಲ್ಲಿ ಮುಂಗಾಲಿಗೂ ಹ್ಯಾಂಡಲಿಗೂ ನಂಟಿದೆ. ಮುಂಚಕ್ರವನ್ನು ಎಡಕ್ಕೆ ತಿರುಗಿಸಿದಾಗ ಅದರ ಹಿಂಭಾಗ ಬಲಕ್ಕೆ ಸರಿಯುತ್ತದೆ. ಆಗ ಬಲಗಾಲು ಮುಂದಿದ್ದರೆ ಬೆರಳುಗಳು ಟಯರಿಗೆ ತಾಗಬಹುದು. ಆದ್ದರಿಂದ ಮುಂಗಾಲು ಯಾವ ಬದಿಯದೋ ಆ ಬದಿಗೇ ಚಕ್ರ ತಿರುಗಿಸುವುದು ಉತ್ತಮ. ರಸ್ತೆಯ ನಡುಭಾಗ ಉಬ್ಬಿರುವುದರಿಂದ ಎಡಬದಿಯಲ್ಲಿ ಸಾಗುವ ನಮ್ಮ ದೇಶದ ಸವಾರನಿಗೆ ಏರು ಇರುವುದು ಬಲಕ್ಕೆ. ಏರಿನ ಕಡೆಗೆ ಚಕ್ರ ತಿರುಗಿಸಿ ನಿಲ್ಲುವುದು ಸುಲಭವಾದುದರಿಂದ ಇಲ್ಲಿನ ರಸ್ತೆಯಲ್ಲಿ ಬಲಗಾಲು ಮುಂದಿರುವವರಿಗೆ ಸ್ವಲ್ಪ ಅನುಕೂಲ. ಬಲಬದಿಯಲ್ಲಿ ಸಾಗುವ ದೇಶಗಳ ಪುಸ್ತಕಗಳಲ್ಲಿ ಇದು ತಿರುಗುಮುರುಗಾಗಿ ಬರೆದಿರುತ್ತದೆ. ಅವನ್ನು ಓದಿ ಕಲಿಯುವವರು ಇದನ್ನು ಗಮನಿಸಬೇಕು.

ರೂಢಿಯ ಪ್ರಭಾವ

ನಮ್ಮಲ್ಲಿ ಸೈಕಲನ್ನು ಎಡಬದಿಯಿಂದ ಏರುವುದು ರೂಢಿ. ಎಡಗಾಲನ್ನು ಪೆಡಲ್ ಮೇಲಿಟ್ಟು, ಬಲಗಾಲಿನಿಂದ ನೆಲವನ್ನು ಮೀಟಿ, ಬಳಿಕ ಅದನ್ನು ಸೀಟಿನ ಆಚೆಗೆ ಬೀಸುತ್ತಾರೆ. ಆ ಹೊತ್ತಿಗೆ ಎಡಪೆಡಲ್ ಕೆಳಗಿರುವುದರಿಂದ ಮೊದಲ ತುಳಿತ ಬಲಗಾಲಿನದಾಗುತ್ತದೆ. ಚೈನಿನ ಎಣ್ಣೆ ಪಂಚೆಗೆ ಮೆತ್ತಬಾರದೆಂಬ ಎಚ್ಚರವೂ ಈ ರೂಢಿಯನ್ನು ಗಟ್ಟಿಗೊಳಿಸಿತು. ಕರ್ನಾಟಕ ಸರ್ಕಾರವು 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ನೀಡುವ ಯೋಜನೆಯನ್ನು ಆರಂಭಿಸಿದ ಮೇಲೆ ಮೇಲ್ಗಂಬಿಯಿಲ್ಲದ ಸೈಕಲನ್ನು ಏರಿದ ಹೆಣ್ಣುಮಕ್ಕಳಿಗೆ ಕಾಲು ಬೀಸುವ ಅಗತ್ಯವೇ ಇರಲಿಲ್ಲ. ಅವರು ತಮಗೆ ಒಗ್ಗಿದ ಕಾಲಿನಿಂದ ಹೊರಡಬಹುದಾಗಿತ್ತು.

ಹೊಸ ಮನೆಗೆ ಬಲಗಾಲಿಟ್ಟು ಒಳಗೆ ಬರುವ ಸಂಪ್ರದಾಯ ಗೌರವಾರ್ಹವಾದುದು. ಆದರೆ ಅದನ್ನು ಪೆಡಲ್ ಮೇಲೆ ಹೇರಿದರೆ ಪೆಟ್ಟು ಬೀಳುವುದು ಮಗುವಿಗೆ. ಎಡಗೈಯಲ್ಲಿ ಬಳಪ ಹಿಡಿದ ಮಕ್ಕಳನ್ನು ಗದರಿಸಿ ಬಲಗೈಗೆ ಬದಲಿಸುತ್ತಿದ್ದ ಶಾಲಾಪದ್ಧತಿ ಬಹುಮಟ್ಟಿಗೆ ಮರೆಯಾಗಿದೆ. ಎಡಗಾಲು ಮುಂದಿಡುವ ಮಗುವನ್ನು ತಿದ್ದಹೋಗುವ ಹಿರಿಯರು ಇನ್ನೂ ಇದ್ದಾರೆ. ಒಲ್ಲದ ಕಾಲು ಮುಂದಿದ್ದಾಗ ಜಿಗಿತ ಗಿಡ್ಡವಾಗುತ್ತದೆ, ಪಾದ ಪೆಡಲ್‌ನಿಂದ ಜಾರುತ್ತದೆ. ಟ್ರಯಲ್ಸ್ ಪೆಡಲ್‌ಗಳಿಗೆ ಹಿಡಿತಕ್ಕಾಗಿ ಲೋಹದ ಮೊನೆಗಳಿರುವುದರಿಂದ ಮೊಳಗಾಲಿನ ಮೂಳೆಗೆ ಆಳವಾದ ಗಾಯವಾಗಬಹುದು.

ಕರಾವಳಿಯ ನೆಲ

ಕುಮಟಾ ತಾಲೂಕಿನ ತದಡಿಯು ಅಘನಾಶಿನಿ ನದಿ ಸಮುದ್ರ ಸೇರುವಲ್ಲಿರುವ ಬಂದರು. ಗೋಕರ್ಣದವರೆಗಿನ ಈ ಸೀಮೆಯಲ್ಲಿ ಕೆಂಪುಕಲ್ಲಿನ ದಿಬ್ಬಗಳೂ ಕಡಲಂಚಿನ ಬಂಡೆಗಳೂ ಹೇರಳ. ಬೇಸಿಗೆಯಲ್ಲಿ ಕೆಂಪುಕಲ್ಲಿನ ಒರಟು ಮೈ ಟಯರಿಗೆ ಒಳ್ಳೆಯ ಹಿಡಿತ ಕೊಡುತ್ತದೆ. ಮಳೆಗಾಲದಲ್ಲಿ ಹಾವಸೆ ಕಟ್ಟಿದಾಗ ಅದೇ ಕಲ್ಲು ನಂಬಲಾಗದ್ದು. ಉಬ್ಬರದ ನೀರು ತೋಯಿಸಿದ ಕಡಲಬಂಡೆಗಳೂ ಹಾಗೆಯೇ. ಅಂಥಲ್ಲಿ ಎರಡನೆಯ ಯತ್ನಕ್ಕೆ ಅವಕಾಶವಿಲ್ಲದಿರುವುದರಿಂದ ಸವಾರನು ತನ್ನ ಒಳ್ಳೆಯ ಬದಿಯಿಂದ ಹಾರಬಹುದಾದ ಕಲ್ಲನ್ನೇ ಆರಿಸಿಕೊಳ್ಳಬೇಕು. ಇದೇ ತಾಲೂಕಿನ ಯಾಣದಲ್ಲಿ 120 ಮೀಟರ್ ಎತ್ತರದ ಭೈರವೇಶ್ವರ ಶಿಖರ, 90 ಮೀಟರ್ ಎತ್ತರದ ಮೋಹಿನಿ ಶಿಖರಗಳಿವೆ. ಅದು ಪೂಜಾಸ್ಥಳ, ಅಲ್ಲಿನ ಶಿಲೆಗಳ ಮೇಲೆ ಸೈಕಲ್ ಹತ್ತಿಸುವುದು ಸಲ್ಲದು. ಮಿರ್ಜಾನ್ ಕೋಟೆಯ ಗೋಡೆಗಳಿಗೂ ಈ ಮಾತು ಅನ್ವಯಿಸುತ್ತದೆ.

ಗುರುತಿಸುವ ಕ್ರಮ

ನಿಂತವರನ್ನು ಹಿಂದಿನಿಂದ ಮೆಲ್ಲನೆ ತಳ್ಳಿ ಯಾವ ಕಾಲು ಮುಂದೆ ಬರುತ್ತದೆಂದು ನೋಡುವ ಪದ್ಧತಿ ಅಲೆಸವಾರಿಯಲ್ಲಿದೆ. ಸೈಕಲಿಗೆ ಅದು ಅಷ್ಟು ಭರವಸೆಯದಲ್ಲ. ಇಳಿಜಾರಿನಲ್ಲಿ ಕಲಿಯುವವನಿಗೆ ಏನನ್ನೂ ಹೇಳದೆ, ಸೀಟಿನಿಂದ ಎದ್ದು ನಿಂತು ತುಳಿಯದೆ ಸಾಗಲು ಬಿಡಬೇಕು. ಎರಡು ಮೂರು ದಿನ ಬೇರೆಬೇರೆ ಹೊತ್ತಿನಲ್ಲಿ ಪದೇಪದೇ ಯಾವ ಕಾಲು ಮುಂದೆ ನಿಲ್ಲುತ್ತದೋ ಅದೇ ಮುಂಗಾಲು. ತನ್ನನ್ನು ಪರೀಕ್ಷಿಸುತ್ತಿದ್ದಾರೆಂದು ತಿಳಿದರೆ ಮಕ್ಕಳು ಯೋಚಿಸಿ ಕಾಲಿಡುತ್ತಾರೆ. ಆಗ ಫಲಿತಾಂಶ ಕೆಡುತ್ತದೆ. ಮುಂಗಾಲು ನಿಶ್ಚಯವಾಗಿ, ನಿಂತಲ್ಲೇ ಸಮತೋಲ ಸಾಧಿಸಿದ ಮೇಲೆ ಇನ್ನೊಂದು ಕಾಲನ್ನೂ ಮುಂದಿಟ್ಟು ನಿತ್ಯ ಸ್ವಲ್ಪ ಹೊತ್ತು ಅಭ್ಯಾಸ ಮಾಡುವುದುಂಟು. ಇದರಿಂದ ಸೊಂಟ, ತೊಡೆಗಳ ಮೇಲೆ ಒಂದೇ ಬಗೆಯ ಭಾರ ಬೀಳುವುದು ಕಡಿಮೆಯಾಗುತ್ತದೆ. ಇಕ್ಕಟ್ಟಾದ ಹಂತದಲ್ಲಿ ಕಾಲು ಬದಲಾದರೂ ಸವಾರನು ತಬ್ಬಿಬ್ಬಾಗುವುದಿಲ್ಲ.