ಸೊಸೈಟಿ ಪಾವತಿಯಲ್ಲಿ ಬರೆದ ಉತ್ತರ: ಯಶಸ್ವಿನಿ ಬಂದದ್ದು, ಹೋದದ್ದು, ಮತ್ತೆ ಬಂದದ್ದು

ಸೂಡಿ ಅಂದ ಕೂಡಲೇ ಜೋಡು ಕಳಸದ ಗುಡಿ, ನಾಗಕುಂಡ ನೆನಪಾಗುತ್ತವೆ. ಇದೇ ಊರಿನ ಒಂದು ಶಾಸನವೂ ನೆನಪಿಡುವಂಥದ್ದು. 11ನೇ ಶತಮಾನದ ನಡುಭಾಗದಲ್ಲಿ ಈ ಸೀಮೆಯನ್ನು ಚಾಲುಕ್ಯ ಅರಸ ಇಮ್ಮಡಿ ಜಯಸಿಂಹನ ಸೋದರಿ ಅಕ್ಕಾದೇವಿ ಆಳುತ್ತಿದ್ದಳು. ಚೋಳರ ಜೊತೆಗಿನ ಯುದ್ಧದ ಕಾಲದಲ್ಲಿ ಊರಿನ ಕಟ್ಟುಪಾಡು ಕೆಟ್ಟುಹೋಗಿತ್ತು. ಅದನ್ನು ಎಂಟು ಸೆಟ್ಟಿಗಳಿಗೆ, ಎಂಬತ್ತು ಒಕ್ಕಲುಗಳಿಗೆ ಮತ್ತೆ ಖಾತ್ರಿ ಮಾಡಿಕೊಟ್ಟ ಸಂಗತಿ ಆ ಕಲ್ಲಿನಲ್ಲಿದೆ.

ಕೊಟ್ಟ ಮಾತು ಮುರಿದುಬಿದ್ದರೆ ಅದನ್ನು ಆಳುವವರಿಂದ ಮತ್ತೆ ಪಡೆದುಕೊಳ್ಳುವುದು ನಮ್ಮ ಕಡೆ ಹೊಸದಲ್ಲ. ನಮ್ಮ ಕಾಲದಲ್ಲೂ ಅಂಥದ್ದೊಂದು ನಡೆದಿದೆ. ಅದೇ ಯಶಸ್ವಿನಿ.

2022ರ ಮಾರ್ಚ್ 4ರಂದು ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ವಿಧಾನಸಭೆಯಲ್ಲಿ ಬಜೆಟ್ ಭಾಷಣ ಮಾಡಿದರು. ನಿಂತುಹೋಗಿದ್ದ ಯಶಸ್ವಿನಿ ಯೋಜನೆಯನ್ನು ಮತ್ತೆ ಜಾರಿಗೆ ತರುತ್ತೇವೆ, ಅದಕ್ಕೆ 300 ಕೋಟಿ ರೂಪಾಯಿ ಇಡುತ್ತೇವೆ ಎಂದು ಅದರಲ್ಲಿ ಘೋಷಿಸಿದರು. ಬಜೆಟ್ ಭಾಷಣ ಗಂಟೆಗಟ್ಟಲೆ ಇರುತ್ತದೆ, ಹಳ್ಳಿಯಲ್ಲಿ ಅದನ್ನು ಪೂರ್ತಿ ಕೇಳುವವರು ಕಡಿಮೆ. ಆದರೆ ಈ ಒಂದು ಮಾತು ರೈತರಿಗೆ ಬೇಗ ಮುಟ್ಟುವಂಥದ್ದಾಗಿತ್ತು. ಯಾಕೆಂದರೆ ಅದು ಹೊಸ ಕೊಡುಗೆಯಲ್ಲ, ಕೈತಪ್ಪಿದ್ದ ಹಳೆಯ ಹಕ್ಕು.

ಈ ಯೋಜನೆ ಹುಟ್ಟಿದ್ದು ಬರದ ಕಾಲದಲ್ಲಿ. 2002ರ ನವೆಂಬರ್ 14ರಂದು, ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ, ಇದಕ್ಕೆ ಚಾಲನೆ ಸಿಕ್ಕಿತು. 2003ರ ಜೂನ್ 1ರಿಂದ ಚಿಕಿತ್ಸೆ ಶುರುವಾಯಿತು. ಹೃದಯ ತಜ್ಞ ಡಾ. ದೇವಿ ಶೆಟ್ಟಿ ಇದರ ಹಿಂದಿನ ಯೋಚನೆಯಲ್ಲಿ ಮುಖ್ಯರು. ಲೆಕ್ಕ ಸರಳವಾಗಿತ್ತು. ಒಬ್ಬ ರೈತನಿಗೆ ಆಪರೇಷನ್ ಖರ್ಚು ಬೆಟ್ಟದಷ್ಟು. ಆದರೆ ಲಕ್ಷಾಂತರ ಮಂದಿ ತಿಂಗಳಿಗೆ 5 ರೂಪಾಯಿ, ಅಂದರೆ ವರ್ಷಕ್ಕೆ 60 ರೂಪಾಯಿ ಹಾಕಿದರೆ, ಅವರಲ್ಲಿ ಆಪರೇಷನ್ ಬೇಕಾಗುವ ಕೆಲವರ ಖರ್ಚು ಅದರಲ್ಲೇ ಬಹುಪಾಲು ಹೊರಡುತ್ತದೆ. ಉಳಿದದ್ದಕ್ಕೆ ಸರ್ಕಾರ ಕೈಜೋಡಿಸಿತು.

ಲಕ್ಷಾಂತರ ಮಂದಿಯಿಂದ ಹಣ ಕೂಡಿಸಲು ಹೊಸ ಕಚೇರಿ ತೆರೆಯಲಿಲ್ಲ. ಊರೂರಿನ ಸಹಕಾರಿ ಸಂಘಗಳೇ ಅದಕ್ಕೆ ದಾರಿಯಾದವು. ಇಲ್ಲಿ ನಮ್ಮ ಜಿಲ್ಲೆಯ ಹೆಸರು ಬರುತ್ತದೆ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಹಕಾರಿ ಸಂಘ ದೇಶದ ಸಹಕಾರ ಚಳವಳಿಯ ಮೊದಲ ಹೆಜ್ಜೆಗಳಲ್ಲಿ ಒಂದು. ಬೀಜ, ಗೊಬ್ಬರ, ಸಾಲಕ್ಕೆಂದು ಹುಟ್ಟಿದ ಸೊಸೈಟಿ, ನೂರು ವರ್ಷ ತುಂಬುವ ಹೊತ್ತಿಗೆ ಆಪರೇಷನ್ ಖರ್ಚಿಗೂ ಆಸರೆಯಾಯಿತು.

ಸರ್ಕಾರದ ಮಾತಿಗೆ ಜನ ಏನು ಹೇಳಿದರು? ಸಭೆಯ ಚಪ್ಪಾಳೆ ಎಣಿಸಿದರೆ ಅದು ತಿಳಿಯುವುದಿಲ್ಲ, ಸೊಸೈಟಿಯ ಪಾವತಿ ಎಣಿಸಬೇಕು. ಮೊದಲ ವರ್ಷ ಸುಮಾರು 16 ಲಕ್ಷ ಮಂದಿ ಹಣ ಕಟ್ಟಿದರು. ಎರಡನೇ ವರ್ಷ ಆ ಸಂಖ್ಯೆ 20 ಲಕ್ಷ ದಾಟಿತು. ಮೂರನೇ ವರ್ಷ ವಂತಿಗೆ 60ರಿಂದ 120 ರೂಪಾಯಿಗೆ ಏರಿದಾಗ ಸದಸ್ಯರು 15 ಲಕ್ಷದೊಳಗೆ ಇಳಿದರು. ಹಳ್ಳಿಯ ಜನ ಗದ್ದಲ ಮಾಡಲಿಲ್ಲ, ಸುಮ್ಮನೆ ಹಿಂದೆ ಸರಿದರು. ಆಮೇಲೆ ಆಪರೇಷನ್ ಮಾಡಿಸಿಕೊಂಡು ಬಂದವರನ್ನು ಊರು ಕಣ್ಣಾರೆ ಕಂಡಿತು, ಸಂಖ್ಯೆ ಮತ್ತೆ ಏರಿತು. 2008-09ರ ಹೊತ್ತಿಗೆ ಅದು 30 ಲಕ್ಷದ ಆಸುಪಾಸಿನಲ್ಲಿತ್ತು.

2018ರಲ್ಲಿ ದೊಡ್ಡ ಮಾತುಗಳು ಕೇಳಿಬಂದವು. ಮಾರ್ಚ್ 2ರಂದು ಸಿದ್ದರಾಮಯ್ಯ ಸರ್ಕಾರ 'ಆರೋಗ್ಯ ಕರ್ನಾಟಕ'ಕ್ಕೆ ಚಾಲನೆ ಕೊಟ್ಟಿತು. ಇನ್ನು ಎಲ್ಲರಿಗೂ ಒಂದೇ ಯೋಜನೆ ಎಂದು ಯಶಸ್ವಿನಿಯನ್ನು ಮೇ ಕೊನೆಗೆ ನಿಲ್ಲಿಸಲಾಯಿತು. ಆಗಸ್ಟ್ 15ರಂದು ಪ್ರಧಾನಿ ನರೇಂದ್ರ ಮೋದಿ ಕೆಂಪುಕೋಟೆಯಿಂದ ಬಡ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷದವರೆಗಿನ ಚಿಕಿತ್ಸೆಯ ಯೋಜನೆ ಘೋಷಿಸಿದರು. ಅಕ್ಟೋಬರ್ ಕೊನೆಗೆ ರಾಜ್ಯದಲ್ಲಿ ಎರಡೂ ಒಂದಾದವು.

ಬಿಪಿಎಲ್ ಕಾರ್ಡಿನವರಿಗೆ ಇದು ದೊಡ್ಡ ಆಸರೆ, ಅದನ್ನು ಅಲ್ಲಗಳೆಯುವಂತಿಲ್ಲ. ವಂತಿಗೆಯೂ ಇಲ್ಲ. ಆದರೆ ನಾಲ್ಕೆಕರೆ ಎರೆಹೊಲ ಇದ್ದು, ಬಿಪಿಎಲ್ ಕಾರ್ಡ್ ಇಲ್ಲದ ಒಕ್ಕಲಿನ ಪಾಡು ಬೇರೆ. ಅಂಥವರಿಗೆ ಸರ್ಕಾರ ಭರಿಸುವುದು ನಿಗದಿತ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಉಳಿದ 70 ಕೈಯಿಂದಲೇ. ಯಶಸ್ವಿನಿ ರೇಷನ್ ಕಾರ್ಡಿನ ಬಣ್ಣ ನೋಡುತ್ತಿರಲಿಲ್ಲ, ಸೊಸೈಟಿಯ ಸದಸ್ಯತ್ವ ನೋಡುತ್ತಿತ್ತು. ಇನ್ನೊಂದು ವ್ಯತ್ಯಾಸವೂ ಇತ್ತು. ಯಶಸ್ವಿನಿ ಕಾರ್ಡ್ ಹಿಡಿದು ಪಟ್ಟಿಯಲ್ಲಿರುವ ಆಸ್ಪತ್ರೆಗೆ ನೇರ ಹೋಗಬಹುದಿತ್ತು. ಹೊಸ ಯೋಜನೆಯಲ್ಲಿ, ತುರ್ತು ಸಂದರ್ಭ ಬಿಟ್ಟರೆ, ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು.

ಹೀಗಾಗಿ 'ಎಲ್ಲರಿಗೂ ಆರೋಗ್ಯ' ಎಂಬ ಮಾತು ಕೇಳಿಸುತ್ತಿದ್ದಾಗಲೇ ಕೆಲವರು ಇದ್ದದ್ದನ್ನೂ ಕಳೆದುಕೊಂಡರು. ರೈತ ಸಂಘಟನೆಗಳು, ಸಹಕಾರಿ ಧುರೀಣರು ಯಶಸ್ವಿನಿ ಬೇಕೆಂದು ಒತ್ತಾಯಿಸುತ್ತಲೇ ಇದ್ದರು. ನಡುವೆ ಕೊರೊನಾ ಬಂದು ಹೋಯಿತು. 2022ರ ಬಜೆಟ್ ಮಾತು ಬಂದದ್ದು ಇಷ್ಟೆಲ್ಲ ಆದ ಮೇಲೆ.

ಆ ಮಾತು ಕಾಗದದಲ್ಲಿ ಉಳಿಯಲಿಲ್ಲ. 2022ರ ನವೆಂಬರ್ 1ರಿಂದ ನೋಂದಣಿ, 2023ರ ಜನವರಿ 1ರಿಂದ ಚಿಕಿತ್ಸೆ ಶುರುವಾಯಿತು. ಮರುಜಾರಿಯಾದಾಗ ಹಳ್ಳಿಯ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಹೆಚ್ಚಿನ ಪ್ರತಿ ಸದಸ್ಯರಿಗೆ 100 ರೂಪಾಯಿ ನಿಗದಿಯಾಯಿತು. ಪರಿಶಿಷ್ಟ ಜಾತಿ, ಪಂಗಡದವರಿಗೆ ವಂತಿಗೆ ಇಲ್ಲ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ಮಿತಿ.

ಹಾಗಂತ ಎಲ್ಲವೂ ಬಗೆಹರಿದಿಲ್ಲ. ಯಶಸ್ವಿನಿ ಮುಖ್ಯವಾಗಿ ಆಪರೇಷನ್ನಿಗೆ ಇರುವ ಯೋಜನೆ. ತಿಂಗಳು ತಿಂಗಳು ನುಂಗುವ ಬಿಪಿ, ಸಕ್ಕರೆ ಕಾಯಿಲೆಯ ಗುಳಿಗೆಗೆ ಅದು ಆಗುವುದಿಲ್ಲ. ದೊಡ್ಡ ಆಪರೇಷನ್ ಅಂದರೆ ಸೂಡಿಯವರು ಇಂದಿಗೂ ಗದಗ, ಬಾಗಲಕೋಟೆ, ಹುಬ್ಬಳ್ಳಿಯ ಬಸ್ಸು ಹಿಡಿಯಬೇಕು. ಜೊತೆಗೆ ಹೋದವರ ಕೂಲಿ ತಪ್ಪುತ್ತದೆ, ಊಟ, ವಸತಿ ಕೈಯಿಂದಲೇ. ಈ ಖರ್ಚಿನ ಮಾತು ಯಾವ ಭಾಷಣದಲ್ಲೂ ಬರುವುದಿಲ್ಲ.

ಆದರೂ ಈ ಇಪ್ಪತ್ತು ವರ್ಷದ ಇತಿಹಾಸದಿಂದ ನಾವು ಕಲಿತದ್ದು ಒಂದಿದೆ. ಜನ ತಾವೇ ಐದೈದು ರೂಪಾಯಿ ಹಾಕಿದ್ದರಿಂದ ಯಶಸ್ವಿನಿ ನಮ್ಮದು ಎಂಬ ಭಾವ ಉಳಿಯಿತು. ನಮ್ಮದು ಎಂದದ್ದಕ್ಕೇ ನಿಂತುಹೋದಾಗ ಮತ್ತೆ ಕೇಳುವ ಧೈರ್ಯ ಬಂತು. ಅಂದು ಸೂಡಿಯ ಎಂಬತ್ತು ಒಕ್ಕಲಿಗೆ ಸಿಕ್ಕ ಮಾತು ಕಲ್ಲಿನ ಮೇಲಿತ್ತು. ನಮ್ಮದು ತೆಳು ಪಾವತಿಯ ಮೇಲಿದೆ, ವರ್ಷಕ್ಕೊಮ್ಮೆ ಅವಧಿ ಮುಗಿಯುತ್ತದೆ. ಮುಂದಿನ ಸಲ ಸೊಸೈಟಿಗೆ ಹೋದಾಗ ನೋಂದಣಿ ಯಾವಾಗ, ಪಟ್ಟಿಯಲ್ಲಿ ಯಾವ ಆಸ್ಪತ್ರೆಗಳಿವೆ ಎಂದು ಕೇಳಿ. ಮನೆಯಲ್ಲಿ ಎಲ್ಲರ ಹೆಸರೂ ಪಾವತಿಯಲ್ಲಿ ಇದೆಯೇ ಎಂದು ಒಮ್ಮೆ ನೋಡಿಕೊಳ್ಳಿ.