ದಡದ ಸಮಸ್ಯೆ: ಕಡಲ್ಗಳ್ಳರ ಮೇಜಿನ ಯುದ್ಧಗಳಲ್ಲಿ ನೆಲ ಮತ್ತು ಜಲ

ಮೇಜಿನ ಮೇಲೆ ಲೋಹದ ಇಲ್ಲವೇ ಪ್ಲಾಸ್ಟಿಕ್ಕಿನ ಕಿರುಗೊಂಬೆಗಳನ್ನು ನಿಲ್ಲಿಸಿ, ಅಳತೆಪಟ್ಟಿಯಿಂದ ದೂರ ಅಳೆದು, ದಾಳ ಉರುಳಿಸಿ ಆಡುವ ಆಟಕ್ಕೆ ಮಿನಿಯೇಚರ್ ವಾರ್‌ಗೇಮ್ ಎಂಬ ಹೆಸರಿದೆ. ಈ ಯುದ್ಧಕ್ರೀಡೆಯ ಚರಿತ್ರೆಯಲ್ಲಿ ನೆಲ ಮತ್ತು ಕಡಲು ಬಹುಕಾಲ ಒಂದರ ಗೊಡವೆಗೆ ಇನ್ನೊಂದು ಹೋಗಿಲ್ಲ. ಪ್ರಷ್ಯದ ಸೇನಾಧಿಕಾರಿ ರೈಸ್ವಿಟ್ಸ್ 1824ರಲ್ಲಿ ಪ್ರಕಟಿಸಿದ ‘ಕ್ರೀಗ್‌ಸ್ಪೀಲ್’ ಭೂಪಟದ ಮೇಲೆ ನಡೆಯುವ ನೆಲದ ಆಟ. ಯುದ್ಧನೌಕೆಗಳ ವಾರ್ಷಿಕ ಕೋಶದಿಂದ ಹೆಸರಾದ ಫ್ರೆಡ್ ಟಿ. ಜೇನ್ 1898ರಲ್ಲಿ ಹೊರತಂದದ್ದು ಅಪ್ಪಟ ಕಡಲಿನ ಆಟ. ಇಪ್ಪತ್ತನೆಯ ಶತಮಾನದ ನಡುವೆ ಈ ಹವ್ಯಾಸವನ್ನು ಬ್ರಿಟನ್ನಿನಲ್ಲಿ ಜನಪ್ರಿಯಗೊಳಿಸಿದ ಡೊನಾಲ್ಡ್ ಫೆದರ್‌ಸ್ಟೋನ್ ಕೂಡ 1962ರಲ್ಲಿ ‘ವಾರ್ ಗೇಮ್ಸ್’ ಬರೆದು, ನೌಕಾಯುದ್ಧಕ್ಕೆ 1965ರಲ್ಲಿ ಬೇರೆಯೇ ಪುಸ್ತಕ ಬರೆದರು.

ಈ ಸಾಲಿನಲ್ಲಿ ಒಂದು ಅಪವಾದವಿದೆ, ಅದು ಮಕ್ಕಳ ಕೋಣೆಯಲ್ಲಿದೆ. ಲೇಖಕ ಎಚ್. ಜಿ. ವೆಲ್ಸ್ 1911ರ ‘ಫ್ಲೋರ್ ಗೇಮ್ಸ್’ನಲ್ಲಿ ತನ್ನ ಇಬ್ಬರು ಗಂಡುಮಕ್ಕಳೊಂದಿಗೆ ಆಡುತ್ತಿದ್ದ ದ್ವೀಪಗಳ ಆಟವೊಂದನ್ನು ವಿವರಿಸುತ್ತಾನೆ. ಕೋಣೆಯ ನೆಲವೇ ಕಡಲು, ಅಲ್ಲಲ್ಲಿ ಹರಡಿದ ಹಲಗೆಗಳು ದ್ವೀಪಗಳು, ಅವುಗಳ ನಡುವೆ ಮರದ ಹಡಗುಗಳ ಸಂಚಾರ. ಎರಡು ವರ್ಷಗಳ ನಂತರ ಅದೇ ವೆಲ್ಸ್ ‘ಲಿಟಲ್ ವಾರ್ಸ್’ನಲ್ಲಿ ನಿಯಮಗಳನ್ನು ಕಟ್ಟುನಿಟ್ಟುಗೊಳಿಸಿದ. ಕಾಲಾಳು ಸರದಿಗೆ ಒಂದು ಅಡಿಯವರೆಗೆ ನಡೆಯಬಹುದು, ಕುದುರೆ ಎರಡು ಅಡಿ, ಸ್ಪ್ರಿಂಗಿನ ಆಟಿಕೆ ಫಿರಂಗಿ ನಿಜವಾಗಿಯೇ ಸಿಡಿಯಬೇಕು. ಆ ಹೊತ್ತಿಗೆ ಕಡಲು ಆಟದಿಂದ ಮಾಯವಾಗಿತ್ತು. ಅಳತೆ ಕರಾರುವಾಕ್ಕಾದಷ್ಟೂ ಹಡಗಿಗೆ ಜಾಗ ಕಡಿಮೆಯಾಯಿತೆಂಬ ಈ ಸಂಗತಿ ಆಕಸ್ಮಿಕವಲ್ಲ ಎಂಬುದು ನನ್ನ ಊಹೆ.

ಕಡಲ್ಗಳ್ಳರನ್ನು ಮೇಜಿಗೆ ತರಹೊರಟಾಗ ಈ ಅಗಲಿಕೆ ದೊಡ್ಡ ತೊಡಕಾಗುತ್ತದೆ. ಹದಿನೇಳನೆಯ ಶತಮಾನದ ಕೆರಿಬಿಯನ್ ಸಮುದ್ರದ ಬುಕನಿಯರ್ ಎಂಬ ಕಡಲ್ಗಳ್ಳರು ಹಡಗಿನಲ್ಲಿ ಬದುಕಿದರೂ ದೊಡ್ಡ ಗಳಿಕೆ ಮಾಡಿದ್ದು ನೆಲದಲ್ಲಿ. ಅವರಲ್ಲೊಬ್ಬನಾದ ಹೆನ್ರಿ ಮಾರ್ಗನ್ ಹೆಸರಾದದ್ದು ಪೋರ್ಟೊಬೆಲೊ (1668), ಮರಾಕೈಬೊ (1669), ಪನಾಮಾ (1671) ಎಂಬ ಮೂರು ಪಟ್ಟಣಗಳ ಲೂಟಿಯಿಂದ. ಪನಾಮಾದ ಕಾಳಗದಲ್ಲಂತೂ ಅವನ ಹಡಗುಗಳಿಗೆ ಪಾತ್ರವೇ ಇರಲಿಲ್ಲ. ಚಾಗ್ರೆಸ್ ನದಿಯ ಅಳಿವೆಯಲ್ಲೇ ಅವನ ಮುಖ್ಯ ಹಡಗು ‘ಸ್ಯಾಟಿಸ್ಫ್ಯಾಕ್ಷನ್’ ಬಂಡೆಗೆ ಬಡಿದು ಒಡೆದುಹೋಗಿತ್ತು. ನಿಯಮ ರಚಿಸುವವರು ಈವರೆಗೆ ಹೆಚ್ಚಿನ ಶ್ರಮ ಹಾಕಿರುವುದು ಹಡಗನ್ನೂ ಮನುಷ್ಯನನ್ನೂ ಒಂದೇ ಅಳತೆಗೆ ತರುವುದಕ್ಕೆ. ಆದರೆ ನೆಲ ಜಲಗಳ ಬೆಸುಗೆ ಇರುವುದು ದಡದಲ್ಲಿ, ಅಂದರೆ ದೋಣಿ, ಉಬ್ಬರವಿಳಿತ ಮತ್ತು ಕಣ್ಕಟ್ಟಿನ ನಿಯಮಗಳಲ್ಲಿ ಎಂಬುದು ಪ್ರಸ್ತುತ ಲೇಖನದ ವಾದ.

ಮೊದಲು ಅಳತೆಯ ಲೆಕ್ಕ. ಈ ಹವ್ಯಾಸದಲ್ಲಿ ಹೆಚ್ಚು ಬಳಕೆಯ ಗೊಂಬೆ 28 ಮಿ.ಮೀ. ಎತ್ತರದ್ದು, ಅದನ್ನು ಸುಮಾರು 1:56 ಪ್ರಮಾಣ ಎಂದಿಟ್ಟುಕೊಳ್ಳೋಣ. 18 ಮೀಟರ್ ಉದ್ದದ ಸಾಧಾರಣ ಸ್ಲೂಪ್ ಹಡಗು ಈ ಪ್ರಮಾಣದಲ್ಲಿ 32 ಸೆಂ.ಮೀ. ಆಗುತ್ತದೆ. ರೂಢಿಯ ಆಟದ ಮೇಜು 6 ಅಡಿ ಉದ್ದ, 4 ಅಡಿ ಅಗಲ. ಆರಡಿಯೆಂದರೆ 1:56ರಲ್ಲಿ ಬರೀ 102 ಮೀಟರ್. ಎಂದರೆ ಎದುರಾಳಿಗಳು ಮೇಜಿನ ಎರಡು ತುದಿಗಳಲ್ಲಿ ನಿಂತರೂ ಆಗಲೇ ಕೋವಿಯ ಗುರಿಯೊಳಗಿದ್ದಾರೆ. 270 ಮೀಟರ್ ದೂರಕ್ಕೆ ಹಾರಿಸುವ ಫಿರಂಗಿಗೆ ಹೆಚ್ಚುಕಡಿಮೆ ಐದು ಮೀಟರ್ ಉದ್ದದ ಮೇಜು ಬೇಕು, ಅಷ್ಟು ದೊಡ್ಡ ಕೋಣೆ ಎಷ್ಟು ಜನರ ಮನೆಯಲ್ಲಿದೆ!

ಕಾಲದ ಲೆಕ್ಕ ಇನ್ನೂ ವಿಚಿತ್ರ. ನಾಲ್ಕು ನಾಟ್ ವೇಗದಲ್ಲಿ ಬರುವ ಹಡಗು ಸೆಕೆಂಡಿಗೆ ಎರಡು ಮೀಟರ್ ಸಾಗುತ್ತದೆ. ಇಡೀ ಮೇಜನ್ನು ಅದು 50 ಸೆಕೆಂಡಿನಲ್ಲಿ ದಾಟಿಬಿಡುತ್ತದೆ. ಅಷ್ಟರಲ್ಲಿ ಪಳಗಿದ ಕೋವಿಗಾರ ಒಂದೆರಡು ಗುಂಡು ಹಾರಿಸಿಯಾನು. ಫಿರಂಗಿಗೆ ಮದ್ದುಗುಂಡು ತುಂಬಲು ಹಲವು ನಿಮಿಷ ಬೇಕಾದ್ದರಿಂದ ಅದು ಒಮ್ಮೆ ಸಿಡಿದು ಸುಮ್ಮನಾಗಬೇಕು. ಗಮನಿಸಿ, ಬಿರುಸಾಗಿ ನಡೆಯುವ ಸೈನಿಕನೂ ಅದೇ ದೂರವನ್ನು ಒಂದೂಕಾಲು, ಒಂದೂವರೆ ನಿಮಿಷದಲ್ಲಿ ಕ್ರಮಿಸುತ್ತಾನೆ. ಆದ್ದರಿಂದ ಹಡಗಿನ ವೇಗ ಇಲ್ಲಿ ತೊಡಕಲ್ಲ. ಮನುಷ್ಯ ಬೇಕೆಂದಲ್ಲಿ ನಿಲ್ಲುತ್ತಾನೆ, ಹಿಂದಕ್ಕೆ ತಿರುಗುತ್ತಾನೆ. ಹಾಯಿ ಬಿಚ್ಚಿದ ಹಡಗು ಹಾಗೆ ಮಾಡಲಾರದು. ತೊಡಕು ಇರುವುದು ಅಲ್ಲಿ.

ಅಳತೆಯ ಈ ಸಮಸ್ಯೆಗೆ ಒಂದು ಉತ್ತರ ಹಡಗನ್ನೇ ಕುಗ್ಗಿಸುವುದು. 2019ರಲ್ಲಿ ಬಂದ ‘ಬ್ಲ್ಯಾಕ್ ಸೀಸ್’ ಆಟ 1:700 ಪ್ರಮಾಣದ್ದು, ಕಡಲ್ಗಳ್ಳರ ಕಾಲಕ್ಕೆ ಹೊಂದುವ ‘ಓಕ್ ಅಂಡ್ ಐರನ್’ 1:600ರದ್ದು. 1:600ರಲ್ಲಿ ಆರಡಿಯ ಮೇಜು ಒಂದು ಕಿಲೋಮೀಟರಿಗೂ ಮಿಗಿಲಾದ ನೀರಾಗುತ್ತದೆ. ಗಾಳಿಯ ದಿಕ್ಕು, ಎದುರುಗಾಳಿ, ಸಾಲುಗಟ್ಟಿದ ಹಡಗುಗಳ ಕುಶಲತೆ ಎಲ್ಲಕ್ಕೂ ಎಡೆ ಸಿಗುತ್ತದೆ. ಆದರೆ ಅಲ್ಲಿ ಮನುಷ್ಯ 3 ಮಿ.ಮೀ.ಗಿಂತಲೂ ಗಿಡ್ಡ. ದಡ ಬಣ್ಣದ ಗೆರೆಯಷ್ಟೇ ಆಗಿ ಉಳಿಯುತ್ತದೆ, ಪಟ್ಟಣದ ಲೂಟಿ ದಾಳದ ಒಂದು ಎಸೆತದಲ್ಲಿ ಮುಗಿಯುತ್ತದೆ. ಎರಡು ಮೇಜು ಹೂಡಿ, ಒಂದರ ಫಲಿತಾಂಶವನ್ನು ಇನ್ನೊಂದಕ್ಕೆ ಒಯ್ಯುವ ದಾರಿಯೂ ಇದೆ. ಜನ ಜಾಸ್ತಿಯಿದ್ದು, ಇಡೀ ದಿನ ಕೈಯಲ್ಲಿದ್ದರೆ ಅದು ನಡೆಯುತ್ತದೆ.

ಹೆಚ್ಚು ಚರ್ಚೆಗೆ ಅರ್ಹವಾದದ್ದು ಅಮೆರಿಕದ ಫೈರ್‌ಲಾಕ್ ಗೇಮ್ಸ್ ಸಂಸ್ಥೆಯ ‘ಬ್ಲಡ್ ಅಂಡ್ ಪ್ಲಂಡರ್’. ಅಲ್ಲಿ 28 ಮಿ.ಮೀ. ಗೊಂಬೆಗಳೇ ಹಡಗಿನ ಮೇಲೂ ನಿಲ್ಲುತ್ತವೆ, ನೆಲದ ಮೇಲೂ ನಿಲ್ಲುತ್ತವೆ. ಹಡಗಿನ ಡೆಕ್ಕನ್ನು ಭಾಗಗಳಾಗಿ ವಿಂಗಡಿಸಿ, ಪ್ರತಿ ಭಾಗದಲ್ಲಿ ಒಂದೊಂದು ತುಕಡಿಯನ್ನು ಇಡಲಾಗುತ್ತದೆ. ಆಟಗಾರ ಇಸ್ಪೀಟೆಲೆ ಹಾಕಿ ತುಕಡಿಯನ್ನು ಚಾಲನೆಗೊಳಿಸುತ್ತಾನೆ. ಎಲೆ ಆಟೀನೋ ಕಳಾವರೋ ಎಂಬುದರ ಮೇಲೆ, ತುಕಡಿ ಹೊಸಬರದ್ದೋ ನುರಿತವರದ್ದೋ ಎಂಬುದರ ಮೇಲೆ ಎಷ್ಟು ಕೆಲಸ ಮಾಡಬಹುದೆಂಬುದು ತೀರ್ಮಾನವಾಗುತ್ತದೆ. ಇದರ ಸೊಗಸು ಒಂದು ಸಣ್ಣ ಏರ್ಪಾಟಿನಲ್ಲಿದೆ: ಫಿರಂಗಿಗೆ ಪ್ರತ್ಯೇಕ ಸಿಬ್ಬಂದಿಯಿಲ್ಲ. ಕೋವಿ ಹಿಡಿದ ಕೈಗಳೇ ಫಿರಂಗಿಗೂ ಮದ್ದು ತುಂಬಬೇಕು, ಹಡಗಿನ ಕೆಲಸವನ್ನೂ ನೋಡಿಕೊಳ್ಳಬೇಕು. ಒಂದು ಕಡೆ ಜನ ಸೇರಿಸಿದರೆ ಇನ್ನೊಂದು ಕಡೆ ಬರಿದಾಗುತ್ತದೆ. ಕಡಲ್ಗಳ್ಳರ ಹಡಗಿನಲ್ಲಿ ಜನಬಲವೇ ಬಂಡವಾಳವಾಗಿತ್ತು ಎಂಬ ಚಾರಿತ್ರಿಕ ಸತ್ಯವನ್ನು ನಿಯಮವೊಂದು ಇಷ್ಟು ಹಗುರವಾಗಿ ಹೇಳಿರುವುದು ಅಪರೂಪ. ದೂರದ ಅಳತೆ ಇಲ್ಲಿ ನಿಜಕ್ಕೆ ಹೊಂದುವುದಿಲ್ಲ, ಹೊಂದಬೇಕೆಂದು ಯಾರೂ ಬಯಸುವುದೂ ಇಲ್ಲ.

ಆದರೂ ಈ ಪದ್ಧತಿಯಲ್ಲಿ ಹಡಗು ಕೊನೆಗೆ ಚಲಿಸುವ ಕೋಟೆಯಾಗಿಬಿಡುತ್ತದೆ. ಕೋಟೆಗೆ ಕೋಟೆ ಎದುರಾದಾಗ ನಡೆಯುವುದು ಗುಂಡಿನ ವಿನಿಮಯ. ಮರಾಕೈಬೊದಲ್ಲಿ ನಡೆದದ್ದು ಅದಲ್ಲ.

1669ರ ವಸಂತದಲ್ಲಿ ಮಾರ್ಗನ್ ಈಗಿನ ವೆನೆಜುವೆಲಾದ ಮರಾಕೈಬೊ ಸರೋವರವನ್ನು ಹೊಕ್ಕ. ಸರೋವರವೆಂಬ ಹೆಸರಿದ್ದರೂ ಕಡಲಿಗೆ ಇಕ್ಕಟ್ಟಾದ ಬಾಯಿಯಿದೆ, ಆ ಬಾಯಿಯನ್ನು ಸಾನ್ ಕಾರ್ಲೋಸ್ ಕೋಟೆ ಕಾಯುತ್ತಿತ್ತು. ಕೋಟೆಯನ್ನು ಸುಲಭವಾಗಿ ಹಿಡಿದು, ಅದರ ಫಿರಂಗಿಗಳನ್ನು ಕೆಲಸಕ್ಕೆ ಬಾರದಂತೆ ಮಾಡಿ, ಸರೋವರದ ದಡದ ಎರಡು ಪಟ್ಟಣಗಳನ್ನು ದೋಚಿ ವಾರಗಳ ನಂತರ ಮರಳುವಾಗ ಬಾಯಿ ಮುಚ್ಚಿತ್ತು. ಡಾನ್ ಅಲೋನ್ಸೊ ದೆಲ್ ಕಾಂಪೊ ಎಂಬ ಸ್ಪ್ಯಾನಿಷ್ ನೌಕಾಧಿಪತಿ ಮೂರು ಯುದ್ಧನೌಕೆಗಳನ್ನು ತಂದು ನಿಲ್ಲಿಸಿದ್ದ, ಕೋಟೆಯನ್ನೂ ಮತ್ತೆ ಸಜ್ಜುಗೊಳಿಸಿದ್ದ. ಮಾರ್ಗನ್ ಹಿಡಿದು ತಂದಿದ್ದ ಹಡಗೊಂದಕ್ಕೆ ಬೆಂಕಿಯ ಸರಂಜಾಮು ತುಂಬಿಸಿ, ಡೆಕ್ಕಿನ ಮೇಲೆ ಮರದ ತುಂಡುಗಳಿಗೆ ಟೊಪ್ಪಿಗೆ ತೊಡಿಸಿ ಮನುಷ್ಯರಂತೆ ನಿಲ್ಲಿಸಿದ. ಅದು ಶತ್ರುವಿನ ಮುಖ್ಯ ಹಡಗು ‘ಮಗ್ದಲೆನಾ’ವನ್ನು ತಬ್ಬಿ ಸುಟ್ಟಿತು. ಎರಡನೆಯದನ್ನು ಅದರ ನಾವಿಕರೇ ಕೋಟೆಯ ಬಳಿ ಸುಟ್ಟರು, ಮೂರನೆಯದು ಸೆರೆಯಾಯಿತು.

ಕೋಟೆ ಮಾತ್ರ ಅಲ್ಲೇ ಇತ್ತು. ಮಾರ್ಗನ್ ಹಗಲಿಡೀ ದೋಣಿಗಳಲ್ಲಿ ಜನರನ್ನು ಕಾಂಡ್ಲ ಪೊದೆಗಳ ದಡಕ್ಕೆ ಸಾಗಿಸಿದ. ಮರಳುವ ದೋಣಿಗಳಲ್ಲಿ ಹುಟ್ಟು ಹಾಕುವವರಷ್ಟೇ ಕಾಣುತ್ತಿದ್ದರು, ಉಳಿದವರು ತಳದಲ್ಲಿ ಅಂಗಾತ ಮಲಗಿದ್ದರು. ದಡದಲ್ಲಿ ದೊಡ್ಡ ದಂಡು ಸೇರುತ್ತಿದೆ, ರಾತ್ರಿ ಹಿಂದಿನಿಂದ ದಾಳಿಯಾಗುತ್ತದೆ ಎಂದು ನಂಬಿದ ಸ್ಪ್ಯಾನಿಷರು ಫಿರಂಗಿಗಳನ್ನು ನೆಲದ ಕಡೆಗೆ ಎಳೆದು ತಿರುಗಿಸಿದರು. ಕತ್ತಲಾದ ಮೇಲೆ ಹಡಗುಗಳು ಲಂಗರೆತ್ತಿ, ಹಾಯಿ ಬಿಚ್ಚದೆ ಇಳಿತದ ಸೆಳೆತಕ್ಕೆ ತೇಲಿ ಬಂದು, ಕೋಟೆಯ ಎದುರಿಗೆ ಬಂದಾಗ ಹಾಯಿ ಬಿಚ್ಚಿ ದಾಟಿಹೋದವು. ಈ ವೃತ್ತಾಂತ ಪ್ರಸಿದ್ಧವಾದದ್ದು ಮಾರ್ಗನ್ನನ ಜೊತೆಗಿದ್ದ ಎಕ್ಸ್‌ಕ್ವೆಮೆಲಿನ್ 1678ರಲ್ಲಿ ಡಚ್ ಭಾಷೆಯಲ್ಲಿ ಪ್ರಕಟಿಸಿದ ಪುಸ್ತಕದಿಂದ. ಅವನ ಬಣ್ಣನೆಗಳನ್ನು ಕಣ್ಣುಮುಚ್ಚಿ ಒಪ್ಪಬೇಕಾಗಿಲ್ಲ. ಅದರ ಇಂಗ್ಲಿಷ್ ಅನುವಾದದ ಪ್ರಕಾಶಕರ ಮೇಲೆ ಮಾರ್ಗನ್ನೇ ಮಾನನಷ್ಟದ ಮೊಕದ್ದಮೆ ಹೂಡಿದ್ದ.

ಈ ಕದನದ ನಿರ್ಣಾಯಕ ಗಳಿಗೆಯಲ್ಲಿ ಹಡಗು ಹಡಗಿಗೆ ಗುಂಡು ಹಾರಿಸಲಿಲ್ಲ, ನೆಲದಲ್ಲಿ ಒಬ್ಬನೂ ಕಾದಾಡಲಿಲ್ಲ. ಗೆಲುವು ತಂದದ್ದು ದೋಣಿಯಲ್ಲಿ ಎಷ್ಟು ಜನರಿದ್ದಾರೆಂಬ ಗುಟ್ಟು, ನೀರಿನ ಇಳಿತ, ತಿರುಗಿಸಿದರೆ ಮರಳಿ ತಿರುಗಿಸಲು ಹೊತ್ತು ಹಿಡಿಯುವ ಭಾರದ ಫಿರಂಗಿ. ಎಲ್ಲ ಗೊಂಬೆಗಳೂ ಇಬ್ಬರು ಆಟಗಾರರ ಕಣ್ಣಮುಂದೆಯೇ ನಿಂತಿರುವ ಮೇಜಿನಲ್ಲಿ ಈ ಕದನವನ್ನು ಆಡಲಾಗದು. ಪೋರ್ಟೊಬೆಲೊ ದಾಳಿಯದೂ ಇದೇ ಕಥೆ. ಮಾರ್ಗನ್ ಹಡಗುಗಳನ್ನು ದೂರದಲ್ಲೇ ಬಿಟ್ಟು ಸುಮಾರು 500 ಜನರನ್ನು 23 ದೋಣಿಗಳಲ್ಲಿ ಕರೆದೊಯ್ದು, ರಾತ್ರಿ ನಡೆದು, ಬೆಳಗಿನ ಜಾವಕ್ಕೆ ಊರಿನೊಳಗಿದ್ದ. ಬಂದರಿಗೆ ಹಡಗು ಬಂದದ್ದು ಊರು ಬಿದ್ದ ನಂತರ. ಅಲ್ಲಿ ಕೋಟೆ ಹಿಡಿಯಲು ಸೆರೆಸಿಕ್ಕ ನಾಗರಿಕರನ್ನು ಮುಂದೆ ತಳ್ಳಿಕೊಂಡು ಹೋದದ್ದೂ ಉಂಟು. ಆಟದ ಪುಸ್ತಕಗಳ ಬಣ್ಣದ ಚಿತ್ರಗಳಲ್ಲಿ ಇಂಥದ್ದಕ್ಕೆ ಜಾಗವಿರುವುದಿಲ್ಲ. ಕಡಲ್ಗಳ್ಳನನ್ನು ಮೋಜಿನ ವ್ಯಕ್ತಿಯಾಗಿ ತೋರಿಸುವ ಚಾಳಿ ಈ ಹವ್ಯಾಸಕ್ಕೂ ಸಿನಿಮಾದಷ್ಟೇ ಅಂಟಿದೆ.

ದಡವೇ ಕೇಂದ್ರವೆಂಬ ಮಾತಿಗೆ ನಮ್ಮ ಕರಾವಳಿಯಲ್ಲೂ ಪುರಾವೆಯಿದೆ. 1697ರ ಸೆಪ್ಟೆಂಬರಿನಲ್ಲಿ ಕಡಲ್ಗಳ್ಳ ವಿಲಿಯಂ ಕಿಡ್ಡನ ‘ಅಡ್ವೆಂಚರ್ ಗ್ಯಾಲಿ’ ಹಡಗು ಕಾರವಾರಕ್ಕೆ ಬಂದದ್ದು ನೀರು ಸೌದೆಗಾಗಿ. ಅಲ್ಲಿ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯ ಕೋಠಿ ಇತ್ತು. ಕಿಡ್ಡನ ಕೆಲವು ನಾವಿಕರು ಅಲ್ಲೇ ಅವನನ್ನು ಬಿಟ್ಟು ಹೋದರು. 34 ಫಿರಂಗಿಗಳ ಜೊತೆಗೆ 46 ಹುಟ್ಟುಗಳೂ ಇದ್ದ ಆ ಹಡಗು ಗಾಳಿಯಿಲ್ಲದಾಗಲೂ ಚಲಿಸಬಲ್ಲದಾಗಿತ್ತು, ಗೋವೆಯಿಂದ ಬಂದ ಪೋರ್ಚುಗೀಸ್ ಹಡಗುಗಳೊಂದಿಗೆ ಕಾದಾಡಿತು. ಆಟಕ್ಕೆ ಇದಕ್ಕಿಂತ ಹದವಾದ ಸನ್ನಿವೇಶ ಬೇಕೆ? ಕುಡಿಯುವ ನೀರು ತುಂಬಿಸಿಕೊಳ್ಳಬೇಕು, ಜನ ಓಡಿಹೋಗದಂತೆ ನೋಡಿಕೊಳ್ಳಬೇಕು, ಶತ್ರು ಬರುವ ಮೊದಲು ಹೊರಡಬೇಕು. ಕಡಲ್ಗಳ್ಳತನದ ಹೊರಗೂ ಉದಾಹರಣೆಯಿದೆ. 1665ರ ಫೆಬ್ರವರಿಯಲ್ಲಿ ಶಿವಾಜಿ ಸ್ವತಃ ಹಡಗೇರಿ ಬಂದು ಕೆಳದಿ ಅರಸರ ಬಸರೂರನ್ನು ದೋಚಿ, ಮರಳುವಾಗ ಗೋಕರ್ಣದಲ್ಲಿ ಇಳಿದು ಅಂಕೋಲೆ, ಕಾರವಾರಗಳತ್ತ ನೆಲದಲ್ಲಿ ಸಾಗಿದ. ಅದು ಒಂದು ರಾಜ್ಯದ ನೌಕಾ ಕಾರ್ಯಾಚರಣೆ. ಆದರೆ ಅಳಿವೆ ಹೊಗುವ, ಜನ ಇಳಿಸುವ ಕಷ್ಟ ಅಲ್ಲಿಯೂ ಅದೇ.

ಹೊಸ ನಿಯಮಪುಸ್ತಕವೊಂದು ಇದಕ್ಕೆಲ್ಲ ಬೇಕಾಗಿಲ್ಲ. ರೈಸ್ವಿಟ್ಸನ ಆಟದಲ್ಲಿ ಎರಡೂ ಪಕ್ಷಗಳ ನಡೆಗಳನ್ನು ಬಲ್ಲ ಮಧ್ಯಸ್ಥನೊಬ್ಬನಿರುತ್ತಿದ್ದ, ಯಾರಿಗೆ ಎಷ್ಟು ಕಾಣುತ್ತದೆ ಎಂಬುದನ್ನು ಅವನೇ ನಿರ್ಧರಿಸುತ್ತಿದ್ದ. ಮೇಜಿನ ಆಟ ಜನಪ್ರಿಯವಾಗುತ್ತ ಬಂದಂತೆ ಅವನು ಮರೆಗೆ ಸರಿದ. ‘ಬ್ಲಡ್ ಅಂಡ್ ಪ್ಲಂಡರ್’ನ ನಿಯಮಗಳನ್ನು ಇದ್ದಂತೆಯೇ ಇಟ್ಟುಕೊಂಡು ಆ ಮಧ್ಯಸ್ಥನನ್ನು ಮರಳಿ ಕರೆತರಬೇಕು. ದೋಣಿಯ ಜನಸಂಖ್ಯೆಯನ್ನು ಆಟಗಾರ ಚೀಟಿಯಲ್ಲಿ ಬರೆದು ಅವನ ಕೈಗೆ ಕೊಡಲಿ. ಕೋಟೆಯ ಪ್ರತಿ ಫಿರಂಗಿ ಯಾವ ದಿಕ್ಕಿಗಿದೆ ಎಂಬುದೂ ಮೊದಲೇ ಬರಹದಲ್ಲಿರಲಿ, ದಿಕ್ಕು ಬದಲಿಸಲು ಹಲವು ಸರದಿಗಳು ಹಿಡಿಯಲಿ. ಉಬ್ಬರ ಇಳಿತ ಇಂತಿಷ್ಟು ಸರದಿಗೊಮ್ಮೆ ತಿರುಗಲಿ, ಹಾಯಿ ಬಿಚ್ಚದ ಹಡಗನ್ನು ಅದು ತಾನಾಗಿ ಒಯ್ಯಲಿ. ಗೆಲುವನ್ನು ಬಿದ್ದ ಹೆಣಗಳಿಂದ ಎಣಿಸದೆ, ಕಡಲಿಗೆ ಸಾಗಿಸಿದ ಮಾಲಿನಿಂದ ಎಣಿಸಬೇಕು. ಇಷ್ಟಿದ್ದರೆ ಮರಾಕೈಬೊ ಕದನವನ್ನು ಒಂದೇ ಮೇಜಿನ ಮೇಲೆ ಒಂದು ಸಂಜೆಯಲ್ಲಿ ಆಡಬಹುದು. ಈ ನಿಯಮಗಳಿಲ್ಲದ ಮೇಜಿನಲ್ಲಿ ಎಷ್ಟೇ ಚೆಂದದ ಹಡಗು ನಿಲ್ಲಿಸಿದರೂ ಅಲ್ಲಿ ನಡೆಯುವುದು ನೆಲದ ಯುದ್ಧವೇ.