ತೇರಿನ ಬೀದಿಯೂ ಸಿಮೆಂಟಿನ ಮನೆಯೂ

ತಿಗನಾರೆಯವರಾದ ನಮಗೆ ಪಟ್ಟಣವೆಂದರೆ ಗಡಿಯಾಚೆಯ ಚಾಮರಾಜನಗರ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲವು ಮೈಸೂರಿಗೆ ಸೇರಿ, ತಾಳವಾಡಿಯ ಸೀಮೆಯು ಮದರಾಸಿನಲ್ಲಿಯೇ ಉಳಿಯಿತಾದರೂ ಮದುವೆ-ಜಾತ್ರೆಗಳ ದಾರಿಗಳು ಬದಲಾಗಲಿಲ್ಲ. ಆದಕಾರಣ ಆ ಊರಿನ ಚಹರೆ ಬದಲಾಗುತ್ತಿರುವುದನ್ನು ಕುರಿತು ನಾವು ಮಾತನಾಡಿದರೆ ಅಧಿಕಪ್ರಸಂಗವೆನಿಸದು.

ಪೂರ್ವದಲ್ಲಿ ಅದಕ್ಕೆ ಅರಿಕುಠಾರವೆಂದು ಹೆಸರು. ಖಾಸಾ ಚಾಮರಾಜ ಒಡೆಯರು 1774ರಲ್ಲಿ ಜನಿಸಿದ್ದು ಅಲ್ಲಿಯೇ. ಅವರ ಪುತ್ರ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಊರಿಗೆ ತಂದೆಯ ಹೆಸರನ್ನಿಟ್ಟರು. 1826ರಲ್ಲಿ ಚಾಮರಾಜೇಶ್ವರನ ದೇವಾಲಯವನ್ನು ಕಟ್ಟಿಸಿದರು. ತಂದೆ ಹುಟ್ಟಿದ ಸ್ಥಳದಲ್ಲಿ ಜನನ ಮಂಟಪವೂ ಎದ್ದಿತು. ಬೇರೆಡೆ ಆಷಾಢವೆಂದರೆ ಶುಭಕಾರ್ಯಗಳಿಗೆ ವರ್ಜ್ಯ. ಇಲ್ಲಿಯಾದರೋ ಆ ಮಾಸದಲ್ಲಿಯೇ ರಥೋತ್ಸವ. ತವರು ಸೇರಿದ ಹೊಸ ಮದುವಣಗಿತ್ತಿಯೂ ಅವಳ ಗಂಡನೂ ತೇರಿನ ನೆಪದಲ್ಲಿ ಒಬ್ಬರನ್ನೊಬ್ಬರು ಕಾಣುವುದು ಇಲ್ಲಿಯೇ!

ತೇರು ಎಳೆಯಲು ಅಗಲವಾದ ಬೀದಿ ಬೇಕು, ತಿರುಗಲು ಮೂಲೆಯಲ್ಲಿ ತೆರವು ಬೇಕು, ನಿಂತು ನೋಡುವವರಿಗೆ ಜಗಲಿ ಬೇಕು. ಇಂಥ ಊರಿನ ಸ್ವರೂಪವಿರುವುದು ಈ ಅಳತೆಯಲ್ಲಿ. ಹೊಸ ಕಟ್ಟಡದ ಮುಂದೆ ಅಂಟಿಸಿದ ಸಿಮೆಂಟಿನ ಗೋಪುರದಲ್ಲಲ್ಲ. ಸಿಮೆಂಟನ್ನು ನಾವು ಹಳಿಯುವವರಲ್ಲ. ಮಳೆಗಾಲದ ರಾತ್ರಿ ಸೋರುವ ಹಂಚಿನ ಕೆಳಗೆ ಪಾತ್ರೆಯಿಟ್ಟು ಕಾದವರಿಗೆ ತಾರಸಿಯ ಸುಖ ತಿಳಿಯದೆ?

2017ರಲ್ಲಿ ಆ ದೇವಾಲಯದ ರಥಕ್ಕೆ ಬೆಂಕಿ ಬಿದ್ದಿತು. ಕೆಲವು ವರ್ಷ ತೇರಿಲ್ಲದೆ ಆಷಾಢ ಕಳೆಯಿತು. 2022ರಲ್ಲಿ ಹೊಸ ರಥ ಬೀದಿಗಿಳಿಯಿತು. ಅದು ಹಳೆಯದಲ್ಲವೆಂದು ಭಕ್ತರಾರೂ ಹಿಂದೆ ಸರಿಯಲಿಲ್ಲ. ಹಾಗಾದರೆ ಹಳೆಯ ಕಟ್ಟಡವನ್ನೂ ಕೆಡವಿ, ಅದೇ ಆಕಾರದಲ್ಲಿ ಹೊಸದನ್ನು ಕಟ್ಟಿದರೆ ತಪ್ಪೇನು? ಮೈಸೂರಿನಲ್ಲಿ 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ನಾಲ್ವರು ಮಡಿದಾಗಲೂ, 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿದ್ದಾಗಲೂ ಎದ್ದ ಪ್ರಶ್ನೆ ಇದೇ. ಪ್ರಾಣಭಯವುಳ್ಳ ಗೋಡೆಯ ಕೆಳಗೆ ಅಂಗಡಿಯಿಡೆಂದು ಯಾರಿಗೂ ಹೇಳಲಾಗದು.

ಆದರೆ ರಥಕ್ಕೂ ಗೋಡೆಗೂ ಭೇದವುಂಟು. ಮರದ ತೇರು ಕಟ್ಟುವ ಶಿಲ್ಪಿಗಳು ಇಂದಿಗೂ ಇದ್ದಾರೆ. ಸುಣ್ಣ-ಮರಳು ಅರೆದು ಗಾರೆ ಮಾಡುವ ಕೈಗಳಾದರೋ ವಿರಳವಾದುವು. ಗಾರೆಯ ಗೋಡೆಯು ಹೀರಿದ ತೇವವನ್ನು ಹೊರಬಿಡುತ್ತದೆ. ಅದರ ಮೇಲೆ ಸಿಮೆಂಟು ಬಳಿದರೆ ತೇವ ಒಳಗೇ ನಿಂತು ಇಟ್ಟಿಗೆ ಪುಡಿಯಾಗುತ್ತದೆ. ದುರಸ್ತಿಯೆಂದು ಮಾಡಿದುದೇ ಎಷ್ಟೋ ಗೋಡೆಗಳಿಗೆ ಮುಳುವಾಗಿದೆ. ಆ ಕೈಕಸುಬನ್ನು ಉಳಿಸದೆ ಆಕಾರವನ್ನು ಮಾತ್ರ ನಕಲು ಮಾಡಿದರೆ, ಅದು ನಾಟಕದ ಪರದೆಯಾದೀತೆಂಬುದೇ ನಮ್ಮ ಅಂಜಿಕೆ.

ಬರುವ ಆಷಾಢದಲ್ಲಿ ತೇರಿಗೆ ಹೋಗುವ ವಿದ್ಯಾರ್ಥಿಗಳು ರಥಬೀದಿಯಲ್ಲಿ ಒಮ್ಮೆ ನಡೆದು, ಎಷ್ಟು ಮನೆಗಳಿಗೆ ಇನ್ನೂ ಜಗಲಿಯುಂಟೆಂದು ಎಣಿಸಿಕೊಂಡು ಬರಲಿ. ಆ ಲೆಕ್ಕವನ್ನು ನಾವು ಈ ಪುಟಗಳಲ್ಲಿಯೇ ಪ್ರಕಟಿಸುವೆವು.